ತಡೆದವರು, ತಡೆದುಕೊಂಡವರು

ಕ್ರಿಯಾಪದಗಳ ಕೊನೆಗೆ ಅಂಟಿಕೊಂಡು ಬರುವ 'ಕೊಳ್ಳು' ಎಂಬ ಪುಟ್ಟ ಧಾತುವನ್ನು ವ್ಯಾಕರಣದ ಪಾಠ ಮುಗಿದ ಮೇಲೆ ಯಾರೂ ಅಷ್ಟಾಗಿ ಗಮನಿಸುವುದಿಲ್ಲವಾದರೂ, ಮನುಷ್ಯನು ತನ್ನ ಮನಸ್ಸನ್ನು ತಾನೇ ಹಿಡಿದುದಕ್ಕೂ ಪರರನ್ನು ಹಿಡಿದು ಮಣಿಸಿದುದಕ್ಕೂ ಇರುವ ಅಂತರವನ್ನು ಕನ್ನಡ ನುಡಿ ಕಾಪಾಡಿರುವುದು ಬಹುಮಟ್ಟಿಗೆ ಅದರ ಬಲದಿಂದಲೇ. ಅಳುವನ್ನು ತಡೆದುಕೊಂಡಳು ಎಂದರೆ ಅಳುವೂ ಅವಳದು, ತಡೆಯೂ ಅವಳದು. ಮೆರವಣಿಗೆಯನ್ನು ತಡೆದರು ಎಂದರೆ ನಡೆದವರು ಬೇರೆ, ತಡೆದವರು ಬೇರೆ. ಸಿಟ್ಟನ್ನು ನುಂಗಿಕೊಂಡ, ನಗುವನ್ನು ಅದುಮಿಕೊಂಡ, ನಾಲಗೆಯನ್ನು ಬಿಗಿಹಿಡಿದುಕೊಂಡ ಎಂಬಿವೆಲ್ಲ ಒಬ್ಬನ ಅಂತರಂಗದ ವ್ಯವಹಾರಗಳು. ಹತ್ತಿಕ್ಕಿದರು, ಮಟ್ಟಹಾಕಿದರು, ಸದ್ದಡಗಿಸಿದರು ಎಂಬಲ್ಲಿಯಾದರೋ ಬಲಿಷ್ಠನ ಕೈಯೋ ಕಾಲೋ ಕಣ್ಣಿಗೆ ಬೀಳದಿರದು. ತನ್ನ ಕೋಪವನ್ನು 'ಬಗ್ಗುಬಡಿದುಕೊಂಡೆ' ಎಂದವರನ್ನು ನಾನಂತೂ ಕಂಡಿಲ್ಲ.

ಸಂಸ್ಕೃತದಿಂದ ಬಂದ ಘನವಾದ ಪದಗಳಲ್ಲಿ ಈ ಗೆರೆ ಇಷ್ಟು ಸ್ಪಷ್ಟವಾಗಿ ತೋರುವುದಿಲ್ಲ. ಶಮ, ದಮ ಎಂಬಿವು ವೇದಾಂತಿಗಳು ಸಾಧಕನಿಗೆ ಹೇಳಿದ ಷಟ್ಸಂಪತ್ತಿಯಲ್ಲಿ ಮೊದಲಿನವು. ಒಂದು ಮನಸ್ಸಿನ ಉಪಶಾಂತಿ, ಇನ್ನೊಂದು ಇಂದ್ರಿಯಗಳ ಹತೋಟಿ. ಆ ದಮದ ಒಡಹುಟ್ಟೇ ದಮನ. ಕಾಳಿದಾಸನ ಶಾಕುಂತಲದಲ್ಲಿ ಸಿಂಹದ ಮರಿಯ ಹಲ್ಲೆಣಿಸಹೊರಟ ತುಂಟ ಬಾಲಕನಿಗೆ ಆಶ್ರಮವಾಸಿಗಳು ಇಟ್ಟ 'ಸರ್ವದಮನ'ನೆಂಬ ಹೆಸರಿನಲ್ಲಿ ಮೆಚ್ಚುಗೆಯಲ್ಲದೆ ಮತ್ತೇನೂ ಇಲ್ಲ. ಆದರೆ ಧ್ವಜವನ್ನೇರಿಸಲು ವಿದುರಾಶ್ವತ್ಥದಲ್ಲಿ ನೆರೆದ ಜನಸ್ತೋಮದ ಮೇಲೆ 1938ರ ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದಂಥ ಕೃತ್ಯಗಳನ್ನು ದಮನನೀತಿ ಎಂದು ಕರೆಯುವಾಗ ಅದೇ ಪದಕ್ಕೆ ರಕ್ತದ ವಾಸನೆ ಹತ್ತಿರುತ್ತದೆ. ನಿಗ್ರಹದ ಕಥೆ ಇನ್ನೂ ವಿಚಿತ್ರವಾದುದು. ಇಂದ್ರಿಯನಿಗ್ರಹವೆಂದು ಯತಿಗಳ ಬಾಯಲ್ಲಿ ಬಾಳಿದ ಆ ಶಬ್ದವು ನಕ್ಸಲ್ ನಿಗ್ರಹ ಪಡೆ, ಭ್ರಷ್ಟಾಚಾರ ನಿಗ್ರಹ ದಳ ಎಂದು ಕಾವಿಯನ್ನು ಕಳಚಿ ಖಾಕಿಯನ್ನು ತೊಟ್ಟಿತು. ಲಂಚವನ್ನು ಕುರಿತು ಹಾಗೆಂದರೆ ಯಾರದೂ ತಕರಾರಿಲ್ಲ. ಭಿನ್ನಾಭಿಪ್ರಾಯವನ್ನು ಕುರಿತು ಹಾಗೆಂದಾಗ ಮಾತ್ರ ಆಳುವವನ ಬಲಾತ್ಕಾರಕ್ಕೆ ತಪಸ್ಸಿನ ಗಾಂಭೀರ್ಯವು ಪುಕ್ಕಟೆಯಾಗಿ ದೊರೆತಂತಾಗುತ್ತದೆ.

ಹಾಗೆಂದು ನಮ್ಮ 'ಕೊಳ್ಳು' ಸದಾ ಸತ್ಯವನ್ನೇ ನುಡಿಯುತ್ತದೆಂದು ಭಾವಿಸಬೇಕಾದುದಿಲ್ಲ. ಗಂಡನ ಮನೆಯಲ್ಲಿ ನೊಂದು ತವರಿಗೆ ಬಂದ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಸ್ವಲ್ಪ ತಡ್ಕೊ ಮಗಳೆ, ಅನುಸರಿಸಿಕೊಂಡು ಹೋಗಬೇಕಮ್ಮ" ಎಂದು ಹಿರಿಯರು ಬುದ್ಧಿ ಹೇಳುವಾಗ, ಅದುಮುತ್ತಿರುವವರು ಅತ್ತೆಯೋ ಮಾವನೋ ಗಂಡನೋ ಆಗಿದ್ದರೂ, ವಾಕ್ಯದಲ್ಲಿ ಕರ್ತೃವಾಗಿ ನಿಲ್ಲುವವಳು ಅವಳೊಬ್ಬಳೇ. ಬಗ್ಗುಬಡಿದರು ಎಂದಿದ್ದರೆ ಬಡಿದವರು ಯಾರೆಂಬ ಪ್ರಶ್ನೆಯಾದರೂ ಏಳುತ್ತಿತ್ತು.

ಈ ವಿಷಯದಲ್ಲಿ ನಮ್ಮ ಪ್ರಾಚೀನ ವೈದ್ಯರು ಹೆಚ್ಚು ವಿವೇಕಿಗಳಾಗಿದ್ದರೆಂದು ನನಗೆ ತೋರುತ್ತದೆ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು, ಮಲಮೂತ್ರ, ಸೀನು, ಆಕಳಿಕೆ, ಹಸಿವು, ನಿದ್ರೆ ಮೊದಲಾದ 13 ವೇಗಗಳನ್ನು ತಡೆಯಬಾರದೆಂದು ವಿಧಿಸಿ, ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ ಮುಂತಾದವನ್ನು ತಡೆಯಬೇಕೆಂದು ಬೇರೆಯಾಗಿ ಹೇಳುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ: ಶೋಕವು ತಡೆಯತಕ್ಕವುಗಳ ಸಾಲಿನಲ್ಲಿದ್ದರೆ, ಕಣ್ಣೀರು ತಡೆಯಬಾರದವುಗಳ ಸಾಲಿನಲ್ಲಿದೆ. ಬಾಷ್ಪವನ್ನು ಬಲವಂತದಿಂದ ಹಿಡಿದಿಟ್ಟರೆ ನೆಗಡಿ, ಕಣ್ಣುಬೇನೆ, ಹೃದ್ರೋಗ, ಅರುಚಿ, ತಲೆಸುತ್ತು ಬರುವುವೆಂದೂ, ಅದಕ್ಕೆ ನಿದ್ರೆ, ಮದ್ಯ, ಪ್ರಿಯವಾದ ಮಾತುಕತೆ ಇವೇ ಚಿಕಿತ್ಸೆಯೆಂದೂ ಆ ಗ್ರಂಥದ ಮತ. ನಡುವಣ ಔಷಧದ ವಿಚಾರದಲ್ಲಿ ನಮ್ಮ ಮನೆಗಳಲ್ಲಿ ಒಮ್ಮತ ಬಾರದಿದ್ದರೂ, ಉಳಿದೆರಡನ್ನು ತವರಿಗೆ ಬಂದ ಆ ಮಗಳಿಗೆ ಕೊಡುವುದಕ್ಕೆ ಯಾವ ವೈದ್ಯನ ಚೀಟಿಯೂ ಬೇಕಾಗದು.