ಸಂಪರ್ಕ ಸಾಧನಗಳೂ ಸ್ತ್ರೀಸಮಾನತೆಯೂ

ವಿಜ್ಞಾನವು ಹೊಸದೊಂದು ಉಪಕರಣವನ್ನು ಲೋಕಕ್ಕೆ ಕೊಟ್ಟಾಗಲೆಲ್ಲ, ಅದರಿಂದ ಬಡವ-ಬಲ್ಲಿದ, ಸ್ತ್ರೀ-ಪುರುಷ ಎಂಬ ಅಂತರಗಳು ತಾವಾಗಿಯೇ ಅಳಿದುಹೋಗುವುವೆಂಬ ನಿರೀಕ್ಷೆ ಹುಟ್ಟುವುದು ಸಹಜ. ಗಣಕಯಂತ್ರ ಮತ್ತು ಸಂಚಾರಿ ದೂರವಾಣಿಗಳ ವಿಷಯದಲ್ಲಿಯೂ ಈ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ಇದು ಎಷ್ಟರಮಟ್ಟಿಗೆ ಸರಿ, ಎಲ್ಲಿ ತಪ್ಪುತ್ತದೆ ಎಂಬುದನ್ನು ತಿಳಿಯಲು ನೆರೆಯ ಬಾಂಗ್ಲಾದೇಶದಲ್ಲಿ ನಡೆದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಪರಿಶೀಲಿಸುವುದು ಉಪಯುಕ್ತವೆಂದು ಭಾವಿಸುತ್ತೇನೆ.

1990ರ ದಶಕದ ಆರಂಭದಲ್ಲಿ ಆ ದೇಶದಲ್ಲಿ ಸುಮಾರು 500 ಜನರಿಗೆ ಒಂದು ದೂರವಾಣಿಯಿತ್ತು. ಅವುಗಳಲ್ಲಿಯೂ ಬಹುಪಾಲು ನಗರಗಳಲ್ಲಿದ್ದವು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದ ಇಕ್ಬಾಲ್ ಖಾದಿರ್ ಎಂಬ ಬಂಗಾಳಿ ಗೃಹಸ್ಥರಿಗೆ 1993ರಲ್ಲಿ ಒಮ್ಮೆ ಕಚೇರಿಯ ಗಣಕಯಂತ್ರಗಳ ಜಾಲ ಕೆಟ್ಟು ಕೆಲಸವೆಲ್ಲ ನಿಂತಾಗ ಬಾಲ್ಯದ ಘಟನೆಯೊಂದು ನೆನಪಾಯಿತು. 1971ರ ಯುದ್ಧಕಾಲದಲ್ಲಿ ಅವರ ಕುಟುಂಬ ಹಳ್ಳಿಯೊಂದರಲ್ಲಿ ಆಶ್ರಯ ಪಡೆದಿತ್ತು. ಮನೆಯ ಕಿರಿಯ ಮಗುವಿಗೆ ಔಷಧಿ ತರಲೆಂದು ಹುಡುಗ ಬೆಳಗಿನಿಂದ ನಡೆದು ಮತ್ತೊಂದು ಊರಿಗೆ ಹೋದ. ಔಷಧಿ ಕೊಡುವವನು ಅಲ್ಲಿರಲಿಲ್ಲ. ಮಧ್ಯಾಹ್ನವೆಲ್ಲ ನಡೆದು ಬರಿಗೈಯಲ್ಲಿ ಹಿಂದಿರುಗಿದ. ‘ಇದ್ದಾನೆ’, ‘ಇಲ್ಲ’ ಎಂಬ ಒಂದು ಮಾತು ಮೊದಲೇ ತಿಳಿದಿದ್ದರೆ ಒಂದು ದಿನ ಉಳಿಯುತ್ತಿತ್ತು. ಸಂಪರ್ಕವಿಲ್ಲದುದರಿಂದ ಬಡದೇಶಗಳಲ್ಲಿ ಇಂತಹ ದಿನಗಳು ಎಷ್ಟು ವ್ಯರ್ಥವಾಗುತ್ತಿರಬಹುದೆಂಬ ಚಿಂತೆ ಅವರನ್ನು ಸ್ವದೇಶಕ್ಕೆ ಕರೆತಂದಿತು.

ಅಲ್ಲಿ ಅವರಿಗೆ ದೊರೆತ ಆಧಾರ ಗ್ರಾಮೀಣ ಬ್ಯಾಂಕು. ಪ್ರಾಧ್ಯಾಪಕ ಮಹಮ್ಮದ್ ಯೂನುಸ್ ಅವರು 1976ರಲ್ಲಿ ಜೋಬ್ರಾ ಗ್ರಾಮದಲ್ಲಿ ಆರಂಭಿಸಿದ ಕಿರುಸಾಲದ ಕಾರ್ಯವು 1983ರಲ್ಲಿ ಬ್ಯಾಂಕಿನ ರೂಪ ತಾಳಿತ್ತು. ಅದರ ಸಾಲಗಾರರಲ್ಲಿ ಶೇಕಡಾ 90ಕ್ಕೂ ಹೆಚ್ಚು ಮಂದಿ ಸ್ತ್ರೀಯರು. ಒಬ್ಬ ಹೆಂಗಸು ಸಾಲ ಪಡೆದು ಹಸುವನ್ನು ಕೊಳ್ಳುತ್ತಾಳೆ, ಹಾಲು ಮಾರಿ ವಾರವಾರವೂ ಕಂತು ಕಟ್ಟುತ್ತಾಳೆ, ಉಳಿದುದು ಅವಳ ಸಂಪಾದನೆ. ಹಸುವಿನ ಬದಲು ದೂರವಾಣಿಯನ್ನೇ ಏಕೆ ಕೊಳ್ಳಬಾರದು? ಖಾದಿರ್ ಅವರು ಕೇಳಿದ ಪ್ರಶ್ನೆ ಇಷ್ಟೇ. ನಾರ್ವೆಯ ಟೆಲಿನಾರ್ ಸಂಸ್ಥೆಯೂ ಸೇರಿ ಸ್ಥಾಪಿತವಾದ ಗ್ರಾಮೀಣ್ ಫೋನ್ ಕಂಪನಿ 1997ರ ಮಾರ್ಚ್ 26ರಂದು, ಆ ದೇಶದ ಸ್ವಾತಂತ್ರ್ಯ ದಿನದಂದೇ, ಸೇವೆಯನ್ನು ಆರಂಭಿಸಿತು. ರೈಲುಮಾರ್ಗದ ಉದ್ದಕ್ಕೂ ಮೊದಲೇ ಹಾಸಿದ್ದ ಬೆಳಕಿನೆಳೆಯ ತಂತಿಗಳನ್ನು ರೈಲ್ವೆಯಿಂದ ಗುತ್ತಿಗೆಗೆ ಪಡೆದುದರಿಂದ ಜಾಲವು ಬೇಗನೆ ಹಬ್ಬಿತು.

ಹಳ್ಳಿಯಲ್ಲಿ ಏರ್ಪಾಡು ಹೀಗಿತ್ತು. ಕಂತುಗಳನ್ನು ತಪ್ಪದೆ ಕಟ್ಟಿದ, ಊರ ನಡುವೆ ಮನೆಯುಳ್ಳ ಸದಸ್ಯೆಯೊಬ್ಬಳನ್ನು ಆರಿಸುತ್ತಿದ್ದರು. ಅವಳ ಮನೆಯಲ್ಲಿ ಯಾರಾದರೊಬ್ಬರಿಗೆ ಇಂಗ್ಲಿಷ್ ಅಂಕಿಗಳನ್ನು ಓದಲು ಬರಬೇಕಾಗಿತ್ತು. ಯಂತ್ರದ ಹಣ ಸಾಲವಾಗಿ ಸಿಗುತ್ತಿತ್ತು. ಕರೆಗಳು ಅವಳಿಗೆ ಕಡಿಮೆ ದರದಲ್ಲಿ ದೊರೆಯುತ್ತಿದ್ದವು. ಊರವರಿಗೆ ಹೆಚ್ಚಿನ ದರಕ್ಕೆ ಮಾರಿದಾಗ ಉಳಿಯುವ ವ್ಯತ್ಯಾಸವೇ ಆಕೆಯ ಲಾಭ. ಕೊಲ್ಲಿದೇಶದಲ್ಲಿದ್ದ ಗಂಡನೋ ಮಗನೋ ಕರೆದರೆ, ಮಗುವೊಂದನ್ನು ಓಡಿಸಿ ಆ ಮನೆಯವರನ್ನು ಬರಮಾಡಿಕೊಳ್ಳಬೇಕಾಗಿತ್ತು. ಹಣ ಕಳುಹಿಸಿದ ಸುದ್ದಿ, ಢಾಕಾದ ಪೇಟೆಯ ಧಾರಣೆ, ವೈದ್ಯರ ಸಲಹೆ ಎಲ್ಲವೂ ಅವಳ ಮನೆಯ ಮೂಲಕವೇ ಊರನ್ನು ಮುಟ್ಟುತ್ತಿದ್ದವು. ಊರಿನ ಉಳ್ಳವರೂ ಆ ಬಡವಳ ಬಾಗಿಲಿಗೆ ಬಂದು ಸರದಿಗಾಗಿ ಕಾಯಬೇಕಾಯಿತು.

ಆದರೆ ಇಲ್ಲಿ ಬಹಳ ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ದೂರವಾಣಿಯು ಪುರುಷನ ಅಂಗಡಿಯಲ್ಲಿದ್ದ ಕಡೆ ಹೆಂಗಸರು ಅದನ್ನು ಬಳಸಲು ಹಿಂಜರಿಯುತ್ತಿದ್ದರು. ಅದೇ ಯಂತ್ರ ಒಬ್ಬ ಹೆಂಗಸಿನ ಮನೆಯಲ್ಲಿದ್ದಾಗ ಊರಿನ ಹೆಣ್ಣುಮಕ್ಕಳು ಸಂಕೋಚವಿಲ್ಲದೆ ಬಂದರು. ಯಂತ್ರ ಒಂದೇ, ದರ ಒಂದೇ. ಅದನ್ನು ಇಟ್ಟ ಸ್ಥಳ ಮಾತ್ರ ಬೇರೆ. ಕೆಲವು ಮನೆಗಳಲ್ಲಿ ಸಾಲ ಹೆಂಡತಿಯ ಹೆಸರಿನಲ್ಲಿದ್ದು ವ್ಯವಹಾರ ಗಂಡನ ಕೈಯಲ್ಲಿಯೇ ಇದ್ದಿತೆಂಬುದನ್ನೂ ಮರೆಮಾಚಬಾರದು. ಹಾಗಿದ್ದರೂ ಈ ‘ಫೋನ್ ಮಹಿಳೆ’ಯರ ಸಂಖ್ಯೆ 2006ರ ವೇಳೆಗೆ 2 ಲಕ್ಷವನ್ನು ದಾಟಿತ್ತು. ಅದೇ ವರ್ಷ ಯೂನುಸ್ ಅವರಿಗೂ ಬ್ಯಾಂಕಿಗೂ ಜಂಟಿಯಾಗಿ ನೊಬೆಲ್ ಶಾಂತಿ ಪುರಸ್ಕಾರ ಲಭಿಸಿತು.

ಆ ವೇಳೆಗಾಗಲೇ ಇಳಿಗಾಲವೂ ಆರಂಭವಾಗಿತ್ತು. ಯಂತ್ರಗಳ ಬೆಲೆ ಕುಸಿದು ಮನೆಮನೆಗೂ ಒಂದೊಂದು ಬಂದಂತೆ ಆ ಮಹಿಳೆಯರ ಆದಾಯ ಕರಗಿತು. ಸೇವೆ ಅಗ್ಗವಾಗಿ ಎಲ್ಲರಿಗೂ ದೊರೆತುದು ಸಂತೋಷದ ವಿಷಯವೇ. ಆದರೆ ಮನೆಗೆ ಬಂದ ಆ ಒಂದು ಯಂತ್ರ ಸೇರಿದ್ದು ಹೆಚ್ಚಾಗಿ ಗಂಡಸಿನ ಜೇಬನ್ನು. ನಮ್ಮಲ್ಲಿ ಕೆಲವರು ಇದಕ್ಕೆ ‘ಜಂಗಮವಾಣಿ’ ಎಂದು ಸೊಗಸಾದ ಹೆಸರಿಟ್ಟಿದ್ದಾರೆ. ಅದರ ಸ್ವಾರಸ್ಯವನ್ನು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಂಗ್ಲಾದೇಶದ ಹೆಣ್ಣುಮಕ್ಕಳಿಗೆ ಅದು ಹೆಚ್ಚು ಒದಗಿದ್ದು ಸ್ಥಾವರವಾಗಿ ಒಬ್ಬಳ ಮನೆಯಲ್ಲಿ ನೆಲೆಸಿದ್ದ ಕಾಲದಲ್ಲಿ ಎಂಬುದು ವಿಚಿತ್ರವಾದರೂ ನಿಜ.

ಯಂತ್ರವು ಹೆಣ್ಣಿನ ಸ್ವಂತದ್ದಾದರೆ ಏನಾಗಬಲ್ಲದೆಂಬುದಕ್ಕೆ ಆಫ್ರಿಕದ ಕೀನ್ಯಾ ದೇಶವನ್ನು ನೋಡಬಹುದು. ಅಲ್ಲಿ 2007ರಲ್ಲಿ ಆರಂಭವಾದ ಎಂ-ಪೇಸಾ ಎಂಬ ವ್ಯವಸ್ಥೆಯಲ್ಲಿ ದೂರವಾಣಿಯ ಮೂಲಕವೇ ಹಣವನ್ನು ಕಳುಹಿಸಬಹುದು, ಕೂಡಿಡಬಹುದು. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಬಚ್ಚಿಡುತ್ತಿದ್ದ ಹಣಕ್ಕೆ ಗುಪ್ತಸಂಖ್ಯೆಯ ಬೀಗ ಹಾಕಿದಂತೆ. ಟವ್ನೀತ್ ಸೂರಿ ಮತ್ತು ವಿಲಿಯಂ ಜ್ಯಾಕ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಇದರಿಂದ 1,94,000 ಕುಟುಂಬಗಳು ಕಡುಬಡತನದಿಂದ ಮೇಲೆ ಬಂದವು. 1,85,000 ಸ್ತ್ರೀಯರು ಬೇಸಾಯವನ್ನು ಬಿಟ್ಟು ವ್ಯಾಪಾರದಂತಹ ವೃತ್ತಿಗಳಿಗೆ ತೊಡಗಿದರು.

ನಮ್ಮ ದೇಶದ ಸ್ಥಿತಿಯನ್ನು ಹೇಳಲು ಎರಡು ಅಂಕಿಗಳು ಸಾಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಸಂಚಾರಿ ದೂರವಾಣಿಯುಳ್ಳ ಸ್ತ್ರೀಯರು ಶೇಕಡಾ 54. ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ ಪುರುಷರು ಶೇಕಡಾ 57 ಇದ್ದರೆ, ಸ್ತ್ರೀಯರು ಶೇಕಡಾ 33.

ಈ ಅಂತರದ ಅರ್ಥ ನನಗೆ ಮನದಟ್ಟಾದುದು 2020ರಲ್ಲಿ. ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿ ಪಾಠಗಳು ದೂರವಾಣಿಗೆ ವರ್ಗವಾಗಿದ್ದ ಕಾಲ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ಉತ್ತರಗಳು ಪ್ರತಿದಿನವೂ ರಾತ್ರಿ ಹತ್ತು ಗಂಟೆ ಕಳೆದ ಮೇಲೆಯೇ ಬರುತ್ತಿದ್ದವು. ಅಲಕ್ಷ್ಯವೆಂದು ಬಗೆದು ಎರಡು ಸಲ ಕಟುವಾಗಿಯೇ ಎಚ್ಚರಿಸಿದೆ, ಅವಳು ಮರುಮಾತಾಡಲಿಲ್ಲ. ಮನೆಯಲ್ಲಿದ್ದ ಒಂದೇ ಯಂತ್ರ ಹಗಲು ತಂದೆಯೊಂದಿಗೆ ಹೊಲಕ್ಕೆ ಹೋಗಿ, ಸಂಜೆ ಅಣ್ಣನ ಪಾಠಕ್ಕೆ ಮೀಸಲಾಗಿ, ಅವನು ಮಲಗಿದ ಮೇಲೆ ಅವಳ ಕೈಗೆ ಬರುತ್ತಿತ್ತೆಂಬುದು ತಿಂಗಳುಗಳ ನಂತರ ಅವಳ ತಾಯಿಯಿಂದ ತಿಳಿಯಿತು. ಆ ಎರಡು ಎಚ್ಚರಿಕೆಗಳನ್ನು ಹಿಂತೆಗೆದುಕೊಳ್ಳುವ ಅವಕಾಶ ನನಗೆ ದೊರೆಯಲಿಲ್ಲ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗಣಕಯಂತ್ರಗಳನ್ನು ಉದಾರವಾಗಿ ನೀಡುತ್ತಿರುವುದರಿಂದ ಈ ಸಂಗತಿಯನ್ನು ಇಲ್ಲಿ ಬರೆದಿದ್ದೇನೆ. ಒಂದು ಯಂತ್ರದ ಮುಂದೆ ಮೂವರನ್ನು ಕೂರಿಸಿದಾಗ ಕೀಲಿಮಣೆ ಹುಡುಗನ ಕೈಯಲ್ಲಿದ್ದು, ಹುಡುಗಿಯರು ಹಿಂದೆ ನಿಂತು ನೋಡುವುದನ್ನು ಹಲವು ಶಾಲೆಗಳಲ್ಲಿ ಕಂಡಿದ್ದೇನೆ. ಯಾರೂ ಬೇಕೆಂದು ಹಾಗೆ ಮಾಡಿದ್ದಲ್ಲ. ಬಾಂಗ್ಲಾದೇಶದವರು ಯಂತ್ರವನ್ನು ಯಾರ ಮನೆಯಲ್ಲಿಡಬೇಕೆಂದು ಮೊದಲೇ ಯೋಚಿಸಿದಂತೆ, ನಾವೂ ವಾರಕ್ಕೆ ಎರಡು ಅವಧಿಗಳನ್ನು ವಿದ್ಯಾರ್ಥಿನಿಯರಿಗೇ ಮೀಸಲಿಡಬಹುದು. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಹಣವೂ ಬೇಡ. ಶಾಲೆ ಬಿಟ್ಟ ಮೇಲೆ ಕೊಠಡಿ ತೆರೆದಿಟ್ಟರೆ ಸಾಲದೇ ಎಂದು ಮಿತ್ರರೊಬ್ಬರು ಕೇಳಿದರು. ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಹಿಡಿಯಬೇಕಾದ ಬಸ್ಸು ಐದು ಗಂಟೆಗೆ ಹೊರಟುಬಿಡುತ್ತದೆ. ಆದ್ದರಿಂದ ಆ ಅವಧಿಗಳು ಹಗಲಿನ ವೇಳಾಪಟ್ಟಿಯೊಳಗೇ ಬರಬೇಕಾಗುತ್ತದೆ.