ಬಿ.ಡಿ. ಎಂದರೆ ‘ಬಿಡಿ’ ಅಂತಲ್ಲ!

ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಹಣ್ಣಿನ ಮಂಡಿಗೆ ಹೆಸರುವಾಸಿ. ಕೆಂಪು ತೊಳೆಯ ‘ಸಿದ್ದು’ ಹಲಸಿನ ತವರೂ ಅದೇ. ಈಗ ಹಣ್ಣನ್ನು ಬಿಟ್ಟು ಊರಿನ ಹೆಸರನ್ನು ಬಿಡಿಸೋಣ. ‘ಚೇಳು’, ‘ಊರು’ ಎಂಬ ಎರಡು ತೊಳೆಗಳು ಕಾಣುತ್ತವೆ. ‘ಊರು’ ಎಂಬ ಬಾಲ ತುಮಕೂರಿಗೂ ಇದೆ, ಮೈಸೂರಿಗೂ ಇದೆ. ಬಾಲ ಕಂಡ ಕೂಡಲೇ ಇದು ಯಾವುದೋ ಊರಿನ ಹೆಸರು ಎಂದು ಒಂದನೇ ತರಗತಿಯ ಮಗುವಿಗೂ ಗೊತ್ತಾಗುತ್ತದೆ.

ಆಸ್ಪತ್ರೆಯ ಉದ್ದುದ್ದ ಪದಗಳ ಗುಟ್ಟೂ ಇಷ್ಟೇ. ಅವುಗಳಿಗೂ ತಲೆ, ಹೊಟ್ಟೆ, ಬಾಲ ಇರುತ್ತವೆ. ಬಿಡಿಸಲು ಬಂದರೆ ಅರ್ಧ ಭಯ ಹೋಯಿತು.

ಈ ಬಿಡಿಸುವ ವಿದ್ಯೆಯನ್ನು ಮೊದಲು ಕಲಿಯಬೇಕಾದವರಲ್ಲಿ ನರ್ಸಿಂಗ್ ಸಹಾಯಕರೂ ಸೇರಿದ್ದಾರೆ. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಪೇಟೆಗೆ ಬಂದು ತರಬೇತಿಗೆ ಸೇರುವ ಹುಡುಗ ಹುಡುಗಿಯರು ಇವರು. ರೋಗಿಯ ಹಾಸಿಗೆ ಸರಿಪಡಿಸುವುದು, ಊಟ ಮಾಡಿಸುವುದು, ಜ್ವರ, ನಾಡಿ, ರಕ್ತದೊತ್ತಡ ನೋಡಿ ಬರೆಯುವುದು, ಏನಾದರೂ ಹೆಚ್ಚುಕಮ್ಮಿ ಕಂಡರೆ ತಕ್ಷಣ ನರ್ಸ್‌ಗೆ ತಿಳಿಸುವುದು ಇವರ ಕೆಲಸ. ಸೂಜಿ, ರಕ್ತಕ್ಕೆ ಹೆದರದವರೂ ಮೊದಲ ವಾರ ಪದಗಳಿಗೆ ಹೆದರುತ್ತಾರೆ.

ಬಾಲ ಹಿಡಿದು ನೋಡಿ

ಮೊದಲು ‘ಐಟಿಸ್’ ಎಂಬ ಬಾಲ. ಇದರ ಅರ್ಥ ಉರಿಯೂತ. ಆರ್ಥ್ರೈಟಿಸ್ ಎಂದರೆ ಕೀಲಿನ ಉರಿಯೂತ, ಗ್ಯಾಸ್ಟ್ರೈಟಿಸ್ ಎಂದರೆ ಜಠರದ್ದು, ಹೆಪಟೈಟಿಸ್ ಎಂದರೆ ಪಿತ್ತಜನಕಾಂಗದ್ದು. ಸುಮಾರು 2000 ವರ್ಷಗಳ ಹಿಂದೆ ರೋಮಿನ ಲೇಖಕ ಸೆಲ್ಸಸ್ ಇದಕ್ಕೆ ನಾಲ್ಕು ಗುರುತು ಬರೆದಿಟ್ಟ: ಕೆಂಪಾಗುವುದು, ಊದುವುದು, ಬಿಸಿಯಾಗುವುದು, ನೋಯುವುದು. ನಮ್ಮ ಕನ್ನಡದ ‘ಉರಿಯೂತ’ದಲ್ಲಿ ಉರಿಯೂ ಇದೆ, ಊತವೂ ಇದೆ. ಅಚ್ಚುಕಟ್ಟಾದ ಪದ ಅಲ್ಲವೇ?

‘ಎಕ್ಟಮಿ’ ಎಂದರೆ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದು. ಅಪೆಂಡಿಸೈಟಿಸ್ ಆದಾಗ ಅಪೆಂಡಿಸೆಕ್ಟಮಿ ಮಾಡುತ್ತಾರೆ. ‘ಸ್ಕೋಪಿ’ ಎಂದರೆ ನೋಡುವುದು, ‘ಎಂಡೊ’ ಎಂದರೆ ಒಳಗೆ. ಎಂಡೋಸ್ಕೋಪಿ ಎಂದರೆ ಒಳಗೆ ಇಣುಕಿ ನೋಡುವುದು, ಅಷ್ಟೆ. ‘ಓಸಿಸ್’ ಎಂದರೆ ಒಂದು ಸ್ಥಿತಿ. ಪಾವಗಡ ಸೇರಿದಂತೆ ತುಮಕೂರು ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮೂಳೆ ಕೀಲು ಬಿಗಿಯುತ್ತವೆ. ಅದೇ ಫ್ಲೋರೋಸಿಸ್.

ತಲೆ ತಪ್ಪಿದರೆ ಅಪಾಯ

ಬಾಲಕ್ಕಿಂತ ತಲೆಯ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ‘ಹೈಪರ್’ ಎಂದರೆ ಹೆಚ್ಚು. ‘ಹೈಪೊ’ ಎಂದರೆ ಕಡಿಮೆ. ಕಿವಿಗೆ ಹೆಚ್ಚುಕಡಿಮೆ ಒಂದೇ ಸದ್ದು, ಅರ್ಥ ಪೂರಾ ಉಲ್ಟಾ!

ಸಕ್ಕರೆ ಕಾಯಿಲೆಯ ಅಜ್ಜ ಮಾತ್ರೆ ನುಂಗಿ ಊಟ ತಪ್ಪಿಸಿದರು ಎನ್ನೋಣ. ಸ್ವಲ್ಪ ಹೊತ್ತಿಗೆ ಮೈ ಬೆವರುತ್ತದೆ, ಕೈ ನಡುಗುತ್ತದೆ, ಮಾತು ತಡವರಿಸುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಅದು ಹೈಪೊಗ್ಲೈಸೀಮಿಯ. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇದನ್ನೇ ಯಾರಾದರೂ ‘ಹೈಪರ್’ ಎಂದು ಕೇಳಿಸಿಕೊಂಡು, ಸಕ್ಕರೆ ಹೆಚ್ಚಾಗಿದೆ ಎಂದು ಸುಮ್ಮನೆ ಕೂತರೆ? ಅದಕ್ಕೇ ಪದದ ಜೊತೆ ಅಂಕಿಯನ್ನೂ ಹೇಳುವುದು ಒಳ್ಳೆಯ ರೂಢಿ: “ಸಿಸ್ಟರ್, ಹೈಪೊ ಆಗಿದೆ, ಸಕ್ಕರೆ 54.” ಕೇಳಿದವರು ಅದನ್ನು ತಿರುಗಿ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ನೆನಪಿಡಲು ನಮ್ಮ ಮನೆಯಲ್ಲೇ ಒಂದು ಉಪಾಯವಿದೆ. ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಭಾಷಾ ಕುಟುಂಬಕ್ಕೆ ಸೇರಿದವು. ಕನ್ನಡ ದ್ರಾವಿಡ ಕುಟುಂಬದ್ದಾದರೂ ಸಂಸ್ಕೃತದಿಂದ ಬೇಕಾದಷ್ಟು ಪದ ತೆಗೆದುಕೊಂಡಿದೆ. ಹಾಗಾಗಿ ಗ್ರೀಕಿನ ‘ಹೈಪರ್’ನ ನೆಂಟ ನಮಗೆ ಗೊತ್ತಿರುವ ‘ಉಪರಿ’, ಅಂದರೆ ಮೇಲೆ. ‘ಹೈಪೊ’ದ ನೆಂಟ ‘ಉಪ’. ಅಧ್ಯಕ್ಷರಿಗಿಂತ ಉಪಾಧ್ಯಕ್ಷರು ಒಂದು ಮೆಟ್ಟಿಲು ಕೆಳಗೆ ತಾನೆ? ಉಪರಿ ಮೇಲೆ, ಉಪ ಕೆಳಗೆ. ಇಷ್ಟು ನೆನಪಿದ್ದರೆ ಹೈಪರ್, ಹೈಪೊ ಅದಲುಬದಲಾಗುವುದಿಲ್ಲ.

ಇಂಥ ನೆಂಟರು ಇನ್ನೂ ಇದ್ದಾರೆ. ಡೆಂಟಿಸ್ಟ್‌ನ ‘ಡೆಂಟ್’ ನಮ್ಮ ದಂತ. ಹೃದಯ ತಜ್ಞರ ‘ಕಾರ್ಡಿಯೊ’ಗೆ ‘ಹೃದಯ’ವೇ ದಾಯಾದಿ. ಅನೀಮಿಯದ ‘ಅನ್’ ಮತ್ತು ಅನಂತ ಪದದ ‘ಅನ್’ ಅಣ್ಣತಮ್ಮಂದಿರು. ‘ಇಲ್ಲ’ ಎಂದು ಅರ್ಥ.

ಚೀಟಿಯ ಮೇಲಿನ ಅಕ್ಷರಗಳು

ಔಷಧಿ ಚೀಟಿಯಲ್ಲಿ ‘ಓ.ಡಿ.’ ಎಂದಿದ್ದರೆ ಅಜ್ಜ ಓಡಬೇಕಿಲ್ಲ. ‘ಬಿ.ಡಿ.’ ಎಂದಿದ್ದರೆ ಮಾತ್ರೆ ಬಿಡಬೇಕಿಲ್ಲ! ಓ.ಡಿ. ಎಂದರೆ ದಿನಕ್ಕೆ ಒಂದು ಸಲ. ಬಿ.ಡಿ. ಎಂದರೆ ‘ಬಿಸ್ ದಿಯೆ’, ದಿನಕ್ಕೆ ಎರಡು ಸಲ. ಟಿ.ಡಿ.ಎಸ್. ಎಂದರೆ ಮೂರು ಸಲ. ಲ್ಯಾಟಿನ್ನಿನ ‘ದಿಯೆ’ ನಮ್ಮ ದಿವಸದ ನೆಂಟ. ಎ.ಸಿ. ಎಂದರೆ ಊಟಕ್ಕೆ ಮೊದಲು, ಪಿ.ಸಿ. ಎಂದರೆ ಊಟದ ನಂತರ. ಎಸ್.ಓ.ಎಸ್. ಎಂದರೆ ಬೇಕೆನಿಸಿದಾಗ ಮಾತ್ರ.

ಎಚ್.ಎಸ್. ತಮಾಷೆಯದು. ಅದು ‘ಹೋರಾ ಸೋಮ್ನಿ’, ಮಲಗುವ ಹೊತ್ತು. ಪಂಚಾಂಗದಲ್ಲಿ ಅಜ್ಜಿ ನೋಡುವ ‘ಹೋರೆ’ ಗ್ರೀಕರಿಂದ ಸಂಸ್ಕೃತಕ್ಕೆ, ಅಲ್ಲಿಂದ ನಮ್ಮ ಮನೆಗೆ ಬಂದ ಪದ. ‘ಸೋಮ್ನಿ’ ನಮ್ಮ ಸ್ವಪ್ನದ ಬಂಧು.

ಆದರೆ ಊಹೆ ಮಾಡಬೇಡಿ. ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಓ.ಡಿ. ಎಂದರೆ ಬಲಗಣ್ಣು! ಗೊತ್ತಿಲ್ಲದಿದ್ದರೆ ಕೇಳಬೇಕು. ಕೇಳುವುದು ಅವಮಾನವಲ್ಲ.

ಇನ್ನೊಂದು ಮುಖ್ಯ ಗುರುತು ಎನ್.ಬಿ.ಎಂ. ಶಸ್ತ್ರಕ್ರಿಯೆಗೆ ಮೊದಲು ಹಾಸಿಗೆಯ ಬಳಿ ಈ ಮೂರು ಅಕ್ಷರ ತೂಗುಹಾಕಿರುತ್ತಾರೆ. ‘ನಿಲ್ ಬೈ ಮೌತ್’, ಅಂದರೆ ಬಾಯಿಗೆ ಏನೂ ಕೊಡಕೂಡದು. ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಇದು ಗೊತ್ತಿಲ್ಲದ ಅಜ್ಜಿ “ಪಾಪ, ಬೆಳಗಿನಿಂದ ಏನೂ ತಿಂದಿಲ್ಲ” ಎಂದು ಫ್ಲಾಸ್ಕಿನಿಂದ ಅರ್ಧ ಲೋಟ ಕಾಫಿ ಬಗ್ಗಿಸಿಯಾರು. ಅಜ್ಜಿಯ ಪ್ರೀತಿ ತಪ್ಪಲ್ಲ. ಆ ಮೂರು ಅಕ್ಷರವನ್ನು ಕನ್ನಡಕ್ಕೆ ತಿರುಗಿಸಿ, ಕಾರಣ ಸಮೇತ ಹೇಳುವವರು ಪಕ್ಕದಲ್ಲಿರಬೇಕು. ನರ್ಸಿಂಗ್ ಸಹಾಯಕರ ನಿಜವಾದ ಪದಜ್ಞಾನ ಇದೇ. ವೈದ್ಯರ ಮಾತು ಅರ್ಥವಾದರೆ ಸಾಲದು, ಅಜ್ಜಿಗೆ ಅರ್ಥವಾಗುವ ಮಾತಿನಲ್ಲಿ ಅದನ್ನು ಹೇಳಲು ಬರಬೇಕು.

ಇಲಿ, ಕೋಗಿಲೆ, ಕ್ಯಾಸನೂರು

ಪದಗಳೊಳಗೆ ಕಥೆಗಳೂ ಅಡಗಿವೆ. ಸ್ನಾಯುವಿಗೆ ಇಂಗ್ಲಿಷಿನಲ್ಲಿ ಮಸಲ್. ಲ್ಯಾಟಿನ್ನಿನಲ್ಲಿ ಅದು ‘ಪುಟ್ಟ ಇಲಿ’. ತೋಳು ಮಡಚಿದಾಗ ಚರ್ಮದಡಿ ಇಲಿ ಓಡಿದಂತೆ ಕಾಣುವುದಿಲ್ಲವೇ? ಬೆನ್ನುಮೂಳೆಯ ತುದಿಯ ಕಾಕ್ಸಿಕ್ಸ್‌ಗೆ ಗ್ರೀಕರು ಕೋಗಿಲೆ ಜಾತಿಯ ಕುಕ್ಕೂ ಹಕ್ಕಿಯ ಹೆಸರಿಟ್ಟರು. ಆ ಮೂಳೆ ಅದರ ಕೊಕ್ಕಿನಂತೆ ಬಾಗಿದೆ.

ಈ ನಿಘಂಟಿನಲ್ಲಿ ನಮ್ಮ ಊರೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಜನರಿಗೂ ಜ್ವರ ಹತ್ತಿತು. ಉಣ್ಣೆಗಳಿಂದ ಹರಡುವ ಆ ಮಂಗನ ಕಾಯಿಲೆಯನ್ನು ಇಂದು ಜಗತ್ತಿನ ವೈದ್ಯರೆಲ್ಲ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದೇ ಓದುತ್ತಾರೆ. ಕ್ಯಾಸನೂರು ಸೊರಬ ತಾಲ್ಲೂಕಿನದು. ಅಲ್ಲೂ ‘ಊರು’ ಎಂಬ ಬಾಲ!

ಕೊನೆಗೊಂದು ಎಚ್ಚರಿಕೆ. ಬಿಡಿಸಿದ ಅರ್ಥ ಸುಳಿವು ಮಾತ್ರ, ಪೂರ್ತಿ ಸತ್ಯವಲ್ಲ. ಅನೀಮಿಯ ಎಂದರೆ ಅಕ್ಷರಶಃ ‘ರಕ್ತವಿಲ್ಲ’. ನಿಜದಲ್ಲಿ ರಕ್ತದ ಹಿಮೋಗ್ಲೋಬಿನ್ ಕಡಿಮೆ ಇರುತ್ತದೆ. ಮಲೇರಿಯ ಎಂದರೆ ಇಟಲಿಯ ಮಾತಿನಲ್ಲಿ ‘ಕೆಟ್ಟ ಗಾಳಿ’. ಸೊಳ್ಳೆಯೇ ಅದರ ವಾಹಕ ಎಂಬುದಕ್ಕೆ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಮುಖ್ಯ ಪುರಾವೆ ಕಂಡುಹಿಡಿದ. ಹೆಸರು ಮಾತ್ರ ಹಾಗೆಯೇ ಉಳಿಯಿತು. ಹೆಸರಿನಲ್ಲಿ ಚೇಳು ಇದೆ ಎಂದು ಚೇಳೂರಿಗೆ ಹೋಗಲು ಯಾರೂ ಹೆದರುವುದಿಲ್ಲ ತಾನೆ?

ಅಜ್ಜ–ಮೊಮ್ಮಕ್ಕಳ ಆಟ

ಇವುಗಳನ್ನು ಇಬ್ಬರೂ ಸೇರಿ ಬಿಡಿಸಿ: 1. ಟಾನ್ಸಿಲೈಟಿಸ್ 2. ಟಾನ್ಸಿಲೆಕ್ಟಮಿ 3. ಹೈಪೊಥೈರಾಯ್ಡಿಸಂ 4. ಹೈಪರ್‌ಟೆನ್ಶನ್. ಆಮೇಲೆ ಮನೆಯಲ್ಲಿರುವ ಔಷಧಿ ಚೀಟಿ ತೆಗೆದು, ಯಾವ ಮಾತ್ರೆ ಎಷ್ಟು ಸಲ, ಊಟಕ್ಕೆ ಮೊದಲೋ ನಂತರವೋ ಎಂದು ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆಯಿರಿ. ವೈದ್ಯರಿಗೋ ನರ್ಸ್‌ಗೋ ತೋರಿಸಿ, ಸರಿ ಎಂದ ಮೇಲೆ ಗೋಡೆಗೆ ಅಂಟಿಸಿ.

ಉತ್ತರ: 1. ಗಂಟಲಿನ ಟಾನ್ಸಿಲ್ ಗ್ರಂಥಿಯ ಉರಿಯೂತ 2. ಆ ಗ್ರಂಥಿಯನ್ನು ತೆಗೆಯುವ ಶಸ್ತ್ರಕ್ರಿಯೆ 3. ಥೈರಾಯ್ಡ್ ಗ್ರಂಥಿಯ ಕೆಲಸ ಕಡಿಮೆಯಾಗಿರುವುದು 4. ರಕ್ತದೊತ್ತಡ ಹೆಚ್ಚಾಗಿರುವುದು