ಅಮೆರಿಕದ ಹಳ್ಳಿಯ ಹೈಸ್ಕೂಲು

ಇಂಗ್ಲೆಂಡಿನಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಸಿರಿವಂತರ ಮಕ್ಕಳು ಹೇರಳವಾಗಿ ಫೀಜು ತೆತ್ತು ಓದುವ ವಿದ್ಯಾಶಾಲೆ. ಅಮೆರಿಕದಲ್ಲಿಯಾದರೋ ಅದೇ ಹೆಸರು ತೆರಿಗೆಯ ಹಣದಿಂದ ನಡೆಯುವ, ಫೀಜಿಲ್ಲದ ಶಾಲೆಗೆ ಸಲ್ಲುತ್ತದೆ. ಮುಸುಕಿನ ಜೋಳದ ಹೊಲಗಳ ಹಾಗೂ ಹುಲ್ಲುಗಾವಲುಗಳ ನಡುವಣ ಹಳ್ಳಿಗಳಲ್ಲಿ, ಎಲ್ಲ ತರಗತಿಗಳೂ ಸೇರಿ ನೂರು ಮಂದಿ ವಿದ್ಯಾರ್ಥಿಗಳೂ ಇಲ್ಲದ ಇಂತಹ ಹೈಸ್ಕೂಲುಗಳುಂಟು. ಇವು ಉಳಿಯಬೇಕೆ, ಅಳಿಯಬೇಕೆ ಎಂಬ ವಿವಾದ ಅಲ್ಲಿ ಬಹುಕಾಲದಿಂದ ನಡೆದುಬಂದಿದೆ.

ಪ್ರಾಥಮಿಕ ಶಾಲೆಗೆ ತೆರಿಗೆ ಕೊಡುವುದು ಸರಿ. ಹೈಸ್ಕೂಲಿಗೂ ಏಕೆ ಕೊಡಬೇಕು? ಹೀಗೆಂದು ಮಿಚಿಗನ್ ಸಂಸ್ಥಾನದ ಕ್ಯಾಲಮಜೂ ಎಂಬ ಊರಿನ ಕೆಲವರು ನ್ಯಾಯಸ್ಥಾನದ ಮೆಟ್ಟಿಲೇರಿದರು. ೧೮೭೪ರಲ್ಲಿ ನ್ಯಾಯಾಧೀಶ ಥಾಮಸ್ ಕೂಲಿಯವರು ಹೈಸ್ಕೂಲಿಗಾಗಿಯೂ ತೆರಿಗೆ ವಿಧಿಸಬಹುದೆಂದು ತೀರ್ಪಿತ್ತರು. ಅನಂತರ ಇತರ ಸಂಸ್ಥಾನಗಳಲ್ಲಿಯೂ ಈ ಮಾರ್ಗ ಸುಗಮವಾಯಿತು. ಊರಿನವರು ಚುನಾಯಿಸಿದ ಮಂಡಲಿ ಶಾಲೆಯ ಆಯವ್ಯಯವನ್ನು ನಿರ್ಣಯಿಸುತ್ತದೆ. ಖರ್ಚಿನ ಒಂದು ದೊಡ್ಡ ಭಾಗ ಮನೆ ಹೊಲಗಳ ಮೇಲಣ ತೆರಿಗೆಯಿಂದ ಬರುತ್ತದೆ. ಆದಕಾರಣ ಹಳ್ಳಿಗರಿಗೆ ಅದು ಸರ್ಕಾರದ ಶಾಲೆಯಲ್ಲ, ತಮ್ಮದೇ ಶಾಲೆ.

ಇಂತಹ ಶಾಲೆಯಲ್ಲಿ ಒಬ್ಬರೇ ಉಪಾಧ್ಯಾಯರು ಹಲವು ವಿಷಯಗಳನ್ನು ಬೋಧಿಸಬೇಕಾಗುವುದುಂಟು. ಆಟಕ್ಕೂ ಜನ ಸಾಲದು. ಅಮೆರಿಕದ ಫುಟ್‌ಬಾಲಿಗೆ ಹನ್ನೊಂದು ಆಟಗಾರರು ಬೇಕು. ನೆಬ್ರಾಸ್ಕ ಸಂಸ್ಥಾನದ ಚೆಸ್ಟರ್ ಎಂಬ ಊರಿನ ಹೈಸ್ಕೂಲಿನಲ್ಲಿದ್ದ ಸ್ಟೀಫನ್ ಎಪ್ಲರ್ ಎಂಬುವರು ೧೯೩೪ರಲ್ಲಿ ಆರೇ ಮಂದಿ ಆಡುವಂತೆ ಆಟದ ನಿಯಮಗಳನ್ನು ಮಾರ್ಪಡಿಸಿದರು. ಚಿಕ್ಕ ಶಾಲೆಗಳು ಇಂದಿಗೂ ಆ ಆಟವನ್ನು ಆಡುತ್ತಿವೆ.

ಆದರೆ ಒಳ್ಳೆಯ ರಸ್ತೆಗಳೂ ಬಸ್ಸುಗಳೂ ಬಂದಮೇಲೆ, ಬೇಸಾಯ ಯಂತ್ರಗಳ ಕೈಸೇರಿ ಹಳ್ಳಿಗಳು ಬರಿದಾದಮೇಲೆ, ಹಲವು ಶಾಲೆಗಳನ್ನು ಒಂದುಗೂಡಿಸುವ ಕ್ರಮ ಬಲವಾಯಿತು. ೧೯೪೦ರ ಸುಮಾರಿಗೆ ದೇಶದಲ್ಲಿ ೧,೧೭,೦೦೦ಕ್ಕೂ ಹೆಚ್ಚು ಶಾಲಾ ವಿಭಾಗಗಳಿದ್ದವು. ಈಗ ಸುಮಾರು ೧೩,೦೦೦ ಮಾತ್ರ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ ಜೇಮ್ಸ್ ಕೊನಾಂಟರು ೧೯೫೯ರಲ್ಲಿ, ಕೊನೆಯ ತರಗತಿಯಲ್ಲಿ ನೂರು ಮಂದಿಯಾದರೂ ಇಲ್ಲದ ಹೈಸ್ಕೂಲು ವಿಧವಿಧವಾದ ಪಾಠಗಳನ್ನು ಒದಗಿಸಲಾರದೆಂದು ವಾದಿಸಿದರು. ಮೂರು ನಾಲ್ಕು ಮಂದಿಗಾಗಿ ಭೌತಶಾಸ್ತ್ರದ ಉಪಾಧ್ಯಾಯರನ್ನು ಇರಿಸಿಕೊಳ್ಳುವುದು ಕಷ್ಟವೆಂಬುದು ನಿಜವೇ.

ಇದಕ್ಕೆ ಪ್ರತಿಯಾಗಿ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಎಂಬ ಮನಶ್ಶಾಸ್ತ್ರಜ್ಞರ ಶೋಧನೆ ೧೯೬೪ರಲ್ಲಿ ಪ್ರಕಟವಾಯಿತು. ಅವರು ಕಾನ್ಸಾಸ್ ಸಂಸ್ಥಾನದಲ್ಲಿ ೩೫ ವಿದ್ಯಾರ್ಥಿಗಳ ಹೈಸ್ಕೂಲಿನಿಂದ ಹಿಡಿದು ಎರಡು ಸಾವಿರಕ್ಕೂ ಮೇಲ್ಪಟ್ಟವರಿದ್ದ ಹೈಸ್ಕೂಲಿನವರೆಗೆ ಪರೀಕ್ಷಿಸಿದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳು ಹೆಚ್ಚೇನೋ ಹೌದು. ಆದರೆ ಬಹುಮಂದಿ ಅಲ್ಲಿ ಪ್ರೇಕ್ಷಕರು. ಚಿಕ್ಕ ಶಾಲೆಯಲ್ಲಿ ನಾಟಕಕ್ಕೆ, ವಾದ್ಯಮೇಳಕ್ಕೆ, ಆಟಕ್ಕೆ ಒಬ್ಬೊಬ್ಬರೂ ಬೇಕು. ಹಿಂಜರಿಯುವ ಹುಡುಗನನ್ನೂ ಕರೆದು ಹೊಣೆ ಒಪ್ಪಿಸಲೇಬೇಕು. ಹೀಗೆ ಸಂಖ್ಯೆಯ ಕೊರತೆಯೇ ಒಂದು ಬಗೆಯ ಶಿಕ್ಷಣವಾಗುತ್ತದೆ.

ಶಾಲೆ ಮುಚ್ಚಿದರೆ ಮಕ್ಕಳು ಬಸ್ಸಿನಲ್ಲಿ ದೂರದ ಊರಿಗೆ ಹೋಗಬೇಕು. ಹಳ್ಳಿಗೆ ಶುಕ್ರವಾರ ರಾತ್ರಿಯ ಆಟವಿಲ್ಲ, ನಾಟಕವಿಲ್ಲ, ಸಭೆ ಸೇರಲು ವಿಶಾಲವಾದ ಕೊಠಡಿಯಿಲ್ಲ. ಒಂದುಗೂಡಿಸುವುದರಿಂದ ಉಳಿಯುವ ಹಣವನ್ನು ಲೆಕ್ಕಪತ್ರದಲ್ಲಿ ಕಾಣಿಸಬಹುದು. ಈ ನಷ್ಟವನ್ನು ಬರೆಯಲು ಅಲ್ಲಿ ಕಲಮು ಇಲ್ಲ. ಶಾಲೆಯ ಹಿರಿಮೆಯನ್ನು ಅಳೆಯುವವರು ಎರಡನ್ನೂ ತೂಗಿ ನೋಡುವುದು ನ್ಯಾಯವಾದುದು.